ಕಥೆ ಇರಲಿ, ನಿಮ್ಮ ವಿಮರ್ಶೆಯಲ್ಲಿ ಕುಣಿತದ ಬಗ್ಗೆ ಒಂದು ಸಾಲೂ ಇಲ್ಲವಲ್ಲ?

ಹಾಲಿವುಡ್‌ನ ಕುಣಿತದ ಚಿತ್ರ ‘ಸ್ಟೆಪ್ ಅಪ್ 3ಡಿ’ಯ (2010) ಕಥೆ ತೆಳು, ಹಾಗಾಗಿ ವಿಮರ್ಶಕರು ಬೈದದ್ದು ಸರಿ ಎಂದು ಬರೆದಿದ್ದೀರಿ. ಕಥೆ ತೆಳು, ಒಪ್ಪುತ್ತೇನೆ. ಆದರೆ ಹಳೆಯ ಹಾಲಿವುಡ್‌ನ ಹೆಸರಾಂತ ನಟ-ನರ್ತಕ ಫ್ರೆಡ್ ಆಸ್ಟೇರ್ ಕಾಲದ ಮ್ಯೂಸಿಕಲ್‌ಗಳಲ್ಲಿ (ಹಾಡು-ಕುಣಿತವೇ ಮುಖ್ಯವಾದ ಚಿತ್ರಗಳಲ್ಲಿ) ಕಥೆ ಏನು ಮಹಾ ಗಟ್ಟಿಯಾಗಿತ್ತು? ಅವನ್ನು ಇವತ್ತಿಗೂ ಕುಣಿತಕ್ಕಾಗಿಯೇ ಹೊಗಳುತ್ತಾರೆ, ಅಲ್ವಾ? ‘ಸ್ಟೆಪ್ ಅಪ್ 3ಡಿ’ಯಲ್ಲೂ ನಟರಾದ ಆಡಮ್ ಸೆವಾನಿ, ಆಲಿಸನ್ ಸ್ಟೋನರ್ ಇಬ್ಬರೂ ನ್ಯೂಯಾರ್ಕ್ ಬೀದಿಯಲ್ಲಿ ಆಸ್ಟೇರ್ ಹಾಡಿನ ರೀಮಿಕ್ಸ್‌ಗೆ ಕುಣಿಯುತ್ತಾರೆ. ಇಡೀ ಕುಣಿತ ಒಂದೇ ಶಾಟ್, ನಡುವೆ ಕಟ್ ಇಲ್ಲ. ಆಸ್ಟೇರ್ ಹಟ ಹಿಡಿಯುತ್ತಿದ್ದದ್ದೂ ಇದಕ್ಕೇ: ತಲೆಯಿಂದ ಕಾಲಿನವರೆಗೆ ಇಡೀ ದೇಹ ಕಾಣಬೇಕು, ಕಟ್ ಆದಷ್ಟು ಕಡಿಮೆ ಇರಬೇಕು. ನಿರ್ದೇಶಕ ಜಾನ್ ಎಂ. ಚು ಅದನ್ನು ಚೆನ್ನಾಗಿ ಅರಿತಿದ್ದಾರೆ. ಕಣ್ಣಿಗೇ ನುಗ್ಗುವ 3ಡಿ ಗಿಮಿಕ್ ಜಾಸ್ತಿ ಎಂದು ಬೈಯಿರಿ, ಬೇಡ ಅನ್ನುವುದಿಲ್ಲ. ಈ ದೃಶ್ಯದ ಹೆಸರೂ ಎತ್ತದೆ ಇಡೀ ಚಿತ್ರವನ್ನು ತಳ್ಳಿಹಾಕಿದ್ದು ಮಾತ್ರ ಅನ್ಯಾಯ.