ಮೂರು ಸೆರಗಿನ ಸೀರೆ

ಉಡುಪಿಯ ಕಲ್ಸಂಕದಲ್ಲಿ ಗಾಡಿ ನಿಂತರೆ ನಿಂತಿತು. ಮುಂದಿನ ಬಸ್ಸಿನ ಹಿಂಭಾಗದಲ್ಲಿ ಬರೆದದ್ದನ್ನೆಲ್ಲ ಓದಿ ಮುಗಿಸಿದ ಮೇಲೆ ತಲೆ ಎತ್ತಲೇಬೇಕು. ಹಾಗೆ ಎತ್ತಿದಾಗ ಅವಳು ಕಂಡಳು. ಇಪ್ಪತ್ತಡಿಯ ಫ್ಲೆಕ್ಸಿನಲ್ಲಿ ಹಸಿರು ಸೀರೆ ಉಟ್ಟು, ಮಲ್ಪೆಯ ಕಡಲಿಗೆ ಬೆನ್ನು ಹಾಕಿ ನಗುತ್ತಿದ್ದಳು. ಪಕ್ಕದಲ್ಲಿ ದಪ್ಪ ಅಕ್ಷರ: ‘ಅಪ್ಪಟ ಕೈಮಗ್ಗದ ಉಡುಪಿ ಸೀರೆ. ನೂರಕ್ಕೆ ನೂರು ಅಸಲಿ.’

ಟ್ರಾಫಿಕ್ ಪುಣ್ಯದಿಂದ ನನಗೆ ಲೆಕ್ಕ ಮಾಡಲು ಬೇಕಾದಷ್ಟು ಸಮಯ ಸಿಕ್ಕಿತು. ಎಡ ಭುಜದ ಮೇಲೆ ಸೆರಗು ಇತ್ತು. ಸರಿ. ಬಲಗೈ ಮೇಲೆ ಇನ್ನೊಂದು ಸೆರಗು ಇಳಿಬಿದ್ದಿತ್ತು. ಇರಲಿ, ಹೊಸ ಫ್ಯಾಷನ್ ಇರಬಹುದು. ಮೂರನೆಯದು ಬೆನ್ನ ಹಿಂದಿನಿಂದ ಹಾರಿ, ತೆಂಗಿನ ಮರಕ್ಕೆ ಹೋಗಿ, ಅಲ್ಲೇ ಒಂದು ಗರಿಯಾಗಿಬಿಟ್ಟಿತ್ತು. ತಲೆಯಲ್ಲಿ ಮೂರು ಅಟ್ಟೆಗೆ (ನಮ್ಮ ಕಡೆ ಮಲ್ಲಿಗೆ ಮಾರುವ ಅಳತೆ) ಕಮ್ಮಿಯಿಲ್ಲದಷ್ಟು ಮಲ್ಲಿಗೆ. ಒಂದು ಎಳೆ ಬಾಳೆನಾರು ಮಾತ್ರ ಎಲ್ಲೂ ಇಲ್ಲ. ಹೂವು ತಾನಾಗಿ ಕೂದಲಿಗೆ ಕಚ್ಚಿಕೊಂಡಿದೆ. ಹಿಂದೆ ಸೇಂಟ್ ಮೇರೀಸ್ ದ್ವೀಪ. 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮನ್ನು ಬಿಟ್ಟು ಹೋಗುವಾಗ ಎದ್ದ ಆ ಕಂಬಗಲ್ಲುಗಳು ಇಲ್ಲಿ ನುಣ್ಣಗೆ, ಗುಂಡಗೆ, ತಟ್ಟೆ ಇಡ್ಲಿ ಪೇರಿಸಿಟ್ಟ ಹಾಗಿವೆ. ಅದರ ಮೇಲೆ ಕಾಪುವಿನ ದೀಪಸ್ತಂಭ. 1901ರಿಂದ ಕಾಪುವಿನಲ್ಲೇ ನಿಂತಿರುವುದನ್ನು ಒಂದು ಟೆಂಡರ್ ಕರೆಯದೆ ಕಡಲು ದಾಟಿಸಿದ್ದಾರೆ. ಕೆಳಗೆ ‘ಮುಂಜಾನೆ ಆಫರ್, ಬೆಳಿಗ್ಗೆ 7ರಿಂದ’ ಎಂದಿತ್ತು. ಅದಕ್ಕೆ ಒಪ್ಪುವ ಹಾಗೆ ಸೂರ್ಯ ಪಡುಕಡಲಿನಿಂದ ಉದಯಿಸುತ್ತಿದ್ದ.

ನನ್ನ ದೋಸ್ತಿ ಒಬ್ಬ ಸೀರೆ ಅಂಗಡಿಗಳಿಗೆ ಫೋಟೋ ತೆಗೆಯುವವನು. ಅಲ್ಲಿಂದಲೇ ಫೋನ್ ಮಾಡಿದೆ.

“ಎಂತ ಮಾರಾಯ, ಕಲ್ಸಂಕದಲ್ಲಿ ಇರುವುದು ನೀನು ತೆಗೆದದ್ದಾ?”

“ನಾನು ತೆಗೆದಿದ್ದರೆ ಸೂರ್ಯ ಮೂಡುದಿಕ್ಕಿಗೆ ಇರ್ತಿದ್ದ” ಅಂದ.

ಅವನ ಮಾತು ಸುಳ್ಳಲ್ಲ. ಇಂಥ ಒಂದು ಚಿತ್ರಕ್ಕೆ ಅವನು ಬೆಳಿಗ್ಗೆ ನಾಲ್ಕೂವರೆಗೆ ಮಲ್ಪೆಯಲ್ಲಿರುತ್ತಿದ್ದ. ನಮ್ಮ ಕಡೆ ಕಡಲು ಪಡುವಿಗೆ. ಹಾಗಾಗಿ ಎಳೆಬಿಸಿಲು ನೇರ ಮಾಡೆಲ್ಲಿನ ಮುಖಕ್ಕೆ ಬೀಳುತ್ತದೆ. ಅದು ಇರುವುದು ಅರ್ಧ ಗಂಟೆ. ಆಮೇಲೆ ಮೂಗಿನ ನೆರಳು ತುಟಿಗೆ ಬಂದು ಮೀಸೆಯಾಗುತ್ತದೆ. ಮೇಕಪ್ಪಿನ ಅಕ್ಕ ಒಬ್ಬರು, ಬೆಳಕು ತಿರುಗಿಸುವ ಥರ್ಮೋಕೋಲ್ ಹಿಡಿಯಲು ಒಬ್ಬ ಹುಡುಗ, ಸೆರಗು ಹಾರಿಸಲಿಕ್ಕೇ ಇನ್ನೊಬ್ಬ. ಈ ಇನ್ನೊಬ್ಬನ ಕೆಲಸ ನೋಡಬೇಕು. ಸೆರಗಿನ ತುದಿಯನ್ನು ಗಾಳಿಗೆ ಎಸೆದು, ಅದು ಕೆಳಗೆ ಬರುವುದರೊಳಗೆ ಫೋಟೋದಿಂದ ಹೊರಗೆ ಓಡಬೇಕು, ಒದ್ದೆ ಮರಳಿನಲ್ಲಿ. ಎಷ್ಟೋ ಫೋಟೋಗಳ ಮೂಲೆಯಲ್ಲಿ ಅವನ ಹಿಮ್ಮಡಿ ಬಿದ್ದಿದೆ. ಅಷ್ಟಾದರೂ ಸೆರಗು ಒಂದೇ ಇರುತ್ತಿತ್ತು.

ಅಂಗಡಿಯ ಧಣಿಗಳು ಈ ಸಲ ಇವರನ್ನೆಲ್ಲ ಬಿಟ್ಟು ಎಐಗೆ ಹೇಳಿದರು. ಅಳಿಯ ಮೊಬೈಲಿನಲ್ಲಿ ಎರಡು ಸಾಲು ಬರೆದ, ಚಹಾ ಆರುವುದರೊಳಗೆ ಹುಡುಗಿ ರೆಡಿ. ಕೇಳಿದವರಿಗೆಲ್ಲ ಧಣಿಗಳದ್ದು ಒಂದೇ ಉತ್ತರ: “ಅಮೆರಿಕದ ವೋಗ್‌ನಲ್ಲೇ ಬಂದಿದೆಯಂತೆ, ನಮ್ಮದೆಂತ?”

ಬಂದದ್ದು ಹೌದು. ಅಮೆರಿಕದ ವೋಗ್ ಎಂಬ ಫ್ಯಾಷನ್ ಪತ್ರಿಕೆಯ 2025ರ ಆಗಸ್ಟ್ ಸಂಚಿಕೆಯಲ್ಲಿ ಗೆಸ್ ಎಂಬ ಬಟ್ಟೆ ಕಂಪನಿಯ ಜಾಹೀರಾತು ಇತ್ತು. ಅದರಲ್ಲಿದ್ದ ಹೊಂಬಣ್ಣದ ಕೂದಲಿನ ಸುಂದರಿ ಹುಟ್ಟಿದ್ದು ಕಂಪ್ಯೂಟರಿನಲ್ಲಿ. ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಹೇಳಿಯೂ ಇದ್ದರು. ದೊಡ್ಡ ಗಲಾಟೆ ಆಯಿತು. ಅದು ಬರೀ ಜಾಹೀರಾತು, ನಾವು ಮಾಡಿದ್ದಲ್ಲ ಎಂದು ಪತ್ರಿಕೆಯವರು ಕೈ ತೊಳೆದುಕೊಂಡರು. ಅದಕ್ಕೂ ಮೊದಲು, ಅದೇ ವರ್ಷದ ಮಾರ್ಚ್‌ನಲ್ಲಿ, ಎಚ್ ಆ್ಯಂಡ್ ಎಂ ಎಂಬ ಬಟ್ಟೆ ಕಂಪನಿ ತನ್ನ 30 ಮಾಡೆಲ್‌ಗಳ ಡಿಜಿಟಲ್ ಅವಳಿ, ಅಂದರೆ ಎಐ ಪಡಿಯಚ್ಚು, ಮಾಡುತ್ತೇನೆಂದು ಹೇಳಿತ್ತು. ಆ ಅವಳಿಯ ಹಕ್ಕು ಮಾಡೆಲ್ಲಿಗೇ, ಬಳಸಿದಾಗ ದುಡ್ಡೂ ಅವರಿಗೇ ಎಂದಿತ್ತು. ನ್ಯೂಯಾರ್ಕಿನಲ್ಲಂತೂ ಆ ವರ್ಷದ ಜೂನ್‌ನಿಂದ ಕಾನೂನೇ ಬಂದಿದೆ, ಮಾಡೆಲ್ ಒಪ್ಪದೆ ಇಂಥ ಅವಳಿ ಬಳಸುವಂತಿಲ್ಲ.

ಧಣಿಗಳು ಸುದ್ದಿಯನ್ನು ಬಂಗುಡೆ ತಿಂದ ಹಾಗೆ ಓದಿದ್ದಾರೆ. ಮಾಂಸ ಇವರಿಗೆ. ಒಪ್ಪಿಗೆ, ದುಡ್ಡು, ಸಣ್ಣ ಅಕ್ಷರ ಎಲ್ಲ ಮುಳ್ಳು, ತಟ್ಟೆಯ ಬದಿಗೆ.

ಉಡುಪಿ ಸೀರೆಗೆ 2016ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ. ಅಂದರೆ ಬೇರೆ ಕಡೆ ನೇಯ್ದು ಉಡುಪಿ ಸೀರೆ ಅನ್ನುವಂತಿಲ್ಲ. ಫ್ಲೆಕ್ಸಿನ ಸೀರೆಯನ್ನು ಯಾವ ಊರಿನ ಸರ್ವರ್ ನೇಯ್ದಿತೋ ಆ ದೇವರಿಗೇ ಗೊತ್ತು.

ವಾರ ಕಳೆಯುವಾಗ ಗಿರಾಕಿಗಳು ಬರತೊಡಗಿದರು. “ಅಣ್ಣಾ, ಆ ಫ್ಲೆಕ್ಸಿನಲ್ಲಿ ಉಂಟಲ್ಲ, ಆ ಸೀರೆ ತೋರಿಸಿ.” ಅಂಗಡಿಯಲ್ಲಿ ಆ ಸೀರೆ ಇಲ್ಲ. ಯಾವ ಅಂಗಡಿಯಲ್ಲೂ ಇಲ್ಲ. ಸೇಲ್ಸಿನ ಹುಡುಗಿಯರು ಹಸಿರು ಇದ್ದದ್ದನ್ನೆಲ್ಲ ಹಾಸಿದರು. “ಇದಕ್ಕೆ ಒಂದೇ ಸೆರಗಲ್ವಾ?” ಎಂದು ಗಿರಾಕಿಗಳು ಎದ್ದು ಹೋದರು.

ಆಗ ಧಣಿಗಳಿಗೆ ನನ್ನ ದೋಸ್ತಿಯ ನೆನಪಾಯಿತು.

“ಮಾರಾಯ್ರೆ, ಐನೂರು ಕೊಡ್ತೇನೆ. ಹೆಚ್ಚಿಗೆ ಇರುವ ಸೆರಗು ಅಳಿಸಿ ಕೊಡಿ.”

“ಯಾವುದನ್ನು ಅಳಿಸುದು ಧಣಿ?”

“ಸುಳ್ಳಿನದ್ದನ್ನು.”

“ಮೂರೂ ಸುಳ್ಳಿನದ್ದೇ ಅಲ್ವಾ?”

ಧಣಿಗಳು ತುಂಬಾ ಹೊತ್ತು ಫೋಟೋ ನೋಡಿದರಂತೆ. ಕೊನೆಗೆ, “ಹಾಗಾದರೆ ಇರಲಿ ಬಿಡಿ, ಐನೂರು ಉಳಿಯಿತು” ಅಂದರಂತೆ.

ಆ ಹೊಟ್ಟೆಯುರಿಗೆ ಇವನು ತನ್ನ ಹಳೆಯ ಮಲ್ಪೆ ಫೋಟೋ ಒಂದನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ. ಅಸಲಿ ಕಡಲು, ಅಸಲಿ ಹುಡುಗಿ, ಅಸಲಿ ಬಿಸಿಲು. ಮೊದಲ ಕಮೆಂಟೇ ‘ಎಐ ಅಲ್ವಾ ಬ್ರೋ?’ ಅದನ್ನು ಬರೆದದ್ದು ಇವನದೇ ಭಾವ. ದೋಸ್ತಿಯನ್ನು ಸಮಾಧಾನ ಮಾಡಲು ನಾನು ಮೈಲ್ಸ್ ಆಸ್ಟ್ರೇ ಕತೆ ಹೇಳಿದೆ. 2024ರಲ್ಲಿ ಈ ಫೋಟೋಗ್ರಾಫರ್ ಒಂದು ನಿಜವಾದ ಫ್ಲೆಮಿಂಗೊ ಹಕ್ಕಿಯ ಫೋಟೋವನ್ನು ಸ್ಪರ್ಧೆಯೊಂದರ ಎಐ ವಿಭಾಗಕ್ಕೆ ಕಳಿಸಿದ. ಹಕ್ಕಿ ಕತ್ತು ಮಡಚಿ ಹೊಟ್ಟೆ ತುರಿಸಿಕೊಳ್ಳುತ್ತಿತ್ತು, ತಲೆಯೇ ಇಲ್ಲದ ಹಾಗೆ ಕಾಣುತ್ತಿತ್ತು. ಬಹುಮಾನ ಬಂತು. ಇದು ಅಸಲಿ ಎಂದು ಅವನೇ ಹೇಳಿದ ಮೇಲೆ ಬಹುಮಾನ ಹೋಯಿತು.

“ಭಾವನಿಗೆ ಅದನ್ನು ಹೇಗೆ ಹೇಳುದು?” ಎಂದು ಕೇಳಿದ.

ಗಿರಾಕಿಗಳ ಕಾಟ ನಿಲ್ಲಲಿಲ್ಲ. ಧಣಿಗಳು ಫ್ಲೆಕ್ಸಿನ ಪ್ರಿಂಟ್ ಹಿಡಿದುಕೊಂಡು ಕಿನ್ನಿಗೋಳಿ ಕಡೆಯ ವಯಸ್ಸಾದ ನೇಕಾರರೊಬ್ಬರ ಹತ್ತಿರ ಹೋದರು, ಇಂಥದ್ದೇ ನೂರು ಸೀರೆ ಬೇಕೆಂದು. ಅಜ್ಜ ಕುಳಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವರು ಹಾಗೆಯೇ ಕನ್ನಡಕ ಏರಿಸಿ ನೋಡಿದರು. ಪ್ರಿಂಟನ್ನು ತಿರುಗಿಸಿದರು, ಇನ್ನೊಂದು ಬದಿಯಲ್ಲಿ ಏನಾದರೂ ಉಂಟೋ ಎಂದು. ಖಾಲಿ.

“ಸೀರೆಗೆ ತುದಿ ಇರುವುದೇ ಎರಡು. ಮೂರನೆಯದು ನಾನು ಎಲ್ಲಿಂದ ತರಲಿ?” ಅಂದರು. ಆಮೇಲೆ ಧಣಿಗಳ ಮುಖ ನೋಡಿ ಪಾಪ ಅನ್ನಿಸಿರಬೇಕು. “ಒಂದು ಕೆಲಸ ಮಾಡಿ. ಎರಡು ಸೀರೆ ಉಡಲಿಕ್ಕೆ ಹೇಳಿ. ನಾಲ್ಕು ತುದಿ ಸಿಗ್ತದೆ. ಒಂದನ್ನು ಸೊಂಟಕ್ಕೆ ಸಿಕ್ಕಿಸಿದರೆ ಮೂರು ಉಳಿಯಿತು.”

ಮೊನ್ನೆ ಮತ್ತೆ ಕಲ್ಸಂಕದಲ್ಲಿ ಸಿಕ್ಕಿಬಿದ್ದಿದ್ದೆ. ಸೂರ್ಯ ಇನ್ನೂ ಪಡುವಿನಲ್ಲೇ ಉದಯಿಸುತ್ತಿದ್ದಾನೆ. ಹುಡುಗಿಯ ಕಾಲಬುಡದಲ್ಲಿ ಮಾತ್ರ ಹೊಸದೊಂದು ಸ್ಟಿಕ್ಕರ್ ಅಂಟಿಸಿದ್ದಾರೆ: ‘ಮೂರು ಸೆರಗಿನ ಲುಕ್. ಎರಡು ಸೀರೆ ಕೊಂಡವರಿಗೆ ಮಾತ್ರ.’