ಊರಿನವರ ಕಣ್ಣಿಗೆ ಬಿದ್ದ ವಿದೇಶಿಯರು

ಪರದೇಶದಲ್ಲಿ ನೆಲೆ ನಿಂತವರ ಕುರಿತ ಇಂಗ್ಲಿಷ್ ಕಾದಂಬರಿಗಳಲ್ಲಿ ಆ ನೆಲದ ಜನ ಬಹುಮಟ್ಟಿಗೆ ಚಹಾ ತಂದಿಡುವವರಾಗಿ, ದೋಣಿ ನಡೆಸುವವರಾಗಿ, ಮನೆ ಬಾಡಿಗೆ ಕೇಳಲು ಬರುವವರಾಗಿಯೇ ಮುಗಿದುಹೋಗುತ್ತಾರೆ. ಅವರಿಗೂ ಒಂದು ಮನಸ್ಸಿದೆ, ಅದು ಬಂದವರನ್ನು ಅಳೆಯುತ್ತಲೇ ಇದೆ ಎಂಬುದನ್ನು ಕೊನೆಯವರೆಗೂ ಮರೆಯದ ಕೃತಿ ಎಂಬ ಕಾರಣಕ್ಕೆ ಅಮೆರಿಕದ ಲೇಖಕಿ ಮೇರಿ ಲೀ ಸೆಟಲ್ ಅವರ 'ಬ್ಲಡ್ ಟೈ' (1977) ನನಗೆ ಬಹಳ ಮುಖ್ಯವೆನಿಸುತ್ತದೆ. 1978ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಈ ಕಾದಂಬರಿಯನ್ನು ನಮ್ಮಲ್ಲಿ ಹೆಚ್ಚು ಜನ ಓದಬೇಕೆಂಬುದು ನನ್ನ ಆಸೆ.

ಕಥೆ ನಡೆಯುವುದು ಟರ್ಕಿಯ ಏಜಿಯನ್ ಕರಾವಳಿಯ ಸೆರಾಮೊಸ್ ಎಂಬ ಪಟ್ಟಣದಲ್ಲಿ. 1970ರ ದಶಕದ ಮೊದಲ ಭಾಗದಲ್ಲಿ ಲೇಖಕಿ ವಾಸವಾಗಿದ್ದ, ಪ್ರಾಚೀನ ಅವಶೇಷಗಳಿಗೂ ಸ್ಪಂಜು ತೆಗೆಯುವ ಮುಳುಗುಗಾರರಿಗೂ ಹೆಸರಾದ ಬೋದ್ರುಮ್‌ನ ಛಾಯೆ ಅದರ ಮೇಲಿದೆ. ವಿಚ್ಛೇದನದ ನೋವು ಹೊತ್ತು ಬಂದ ಅಮೆರಿಕದ ಅರಿಯಾಡ್ನೆಗೂ ಅವಳಂತೆ ಅಲ್ಲಿ ಬೀಡುಬಿಟ್ಟ ಇತರರಿಗೂ ಆ ಊರು ತಮ್ಮ ದುಃಖವನ್ನು ಇಳಿಸಿಡುವ ಜಾಗ. ಅದೇ ಹೊತ್ತಿಗೆ, 1971ರ ಮಾರ್ಚ್‌ನಲ್ಲಿ ಸೇನೆ ಸರ್ಕಾರವನ್ನು ಕೆಳಗಿಳಿಸಿದ ಬಳಿಕ, ಎಡಪಂಥೀಯ ವಿದ್ಯಾರ್ಥಿಗಳ ಬಂಧನಗಳಿಂದ ದೇಶ ತತ್ತರಿಸಿತ್ತು. ಕಾದಂಬರಿಯಲ್ಲಿ ತಲೆಮರೆಸಿಕೊಂಡಿರುವ ವಿದ್ಯಾರ್ಥಿ ತಿಮೂರ್ ಆ ಕಾಲದ ಕೂಸು.

ನಿರೂಪಣೆ ವಿದೇಶಿಯರ ಮನಸ್ಸಿನಿಂದ ತುರ್ಕರ ಮನಸ್ಸಿಗೆ, ಅಲ್ಲಿಂದ ಮತ್ತೆ ಇತ್ತ ಓಡಾಡುತ್ತಲೇ ಇರುವುದರಿಂದ, ಬಂದವರು ಊರಿನ ಬಗ್ಗೆ ಎಷ್ಟು ಕಡಿಮೆ ಬಲ್ಲರು, ಊರಿನವರು ಅವರ ಬಗ್ಗೆ ಎಷ್ಟೆಲ್ಲ ಬಲ್ಲರು ಎಂಬುದು ಓದುಗನಿಗೆ ಮಾತ್ರ ಪೂರ್ತಿಯಾಗಿ ಕಾಣುತ್ತದೆ. ಪಾತ್ರಗಳು ಬೆಳೆಯುವುದು ಈ ಅಂತರದಲ್ಲಿಯೇ. ಊರಿನವರನ್ನು ಲೇಖಕಿ ಮುಗ್ಧರನ್ನಾಗಿಯೂ ಮಾಡಿಲ್ಲ, ಸಂತರನ್ನಾಗಿಯೂ ಮಾಡಿಲ್ಲ. ಅವರಿಗೆ ಲಾಭದ ಲೆಕ್ಕವಿದೆ, ರಕ್ತಸಂಬಂಧದ ಹಂಗಿದೆ, ವಿದೇಶಿಯರ ಎದುರು ಬಿಟ್ಟುಕೊಡದ ಮಾನವಿದೆ. ಮರುಕಕ್ಕಿಂತ ಇದು ದೊಡ್ಡ ಗೌರವವೆಂದು ನಾನು ನಂಬುತ್ತೇನೆ. ಹೊರಗಿನ ಲೇಖಕಿಗೆ ತುರ್ಕರ ಒಳಮನಸ್ಸನ್ನು ಬರೆಯುವ ಹಕ್ಕಿದೆಯೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಧೈರ್ಯ ಮಾಡದೆ ಹೋಗಿದ್ದರೆ ಅವರೂ ಚಹಾ ತಂದಿಟ್ಟು ಮರೆಯಾಗುತ್ತಿದ್ದರು.

ಇಷ್ಟು ಮನಸ್ಸುಗಳ ನಡುವೆ, ಅದರಲ್ಲೂ ಆರಂಭದಲ್ಲಿ, ಓದುಗ ದಾರಿ ತಪ್ಪುವುದುಂಟು. ಆದರೂ ಸೆಟಲ್ 1991ರಲ್ಲಿ ಪ್ರಕಟಿಸಿದ 'ಟರ್ಕಿಷ್ ರಿಫ್ಲೆಕ್ಷನ್ಸ್' ಎಂಬ ಪ್ರೀತಿತುಂಬಿದ ನೆನಪಿನ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದಾಗ ಆ ಕಷ್ಟ ಪಟ್ಟದ್ದು ಸಾರ್ಥಕವೆನಿಸುತ್ತದೆ. ಅಲ್ಲಿ ಮಾತಾಡುವವರು ಲೇಖಕಿ ಒಬ್ಬರೇ ಆದ್ದರಿಂದ ತುರ್ಕರು ಆಕೆಗೆ ಕಂಡಷ್ಟೇ ನಮಗೂ ಕಾಣುತ್ತಾರೆ. ಕಾದಂಬರಿಯಲ್ಲಾದರೋ ಅವರು ಆಕೆಯಂಥವರನ್ನು ತಿರುಗಿ ನೋಡುತ್ತಾರೆ.