ಇಲ್ಲದ ಡಿಸ್ಕಿಗೆ ಟ್ಯೂನಿಂಗ್

ವರ್ಚುವಲ್ ಮಷೀನ್ ಅಂದರೆ ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿದ ನಕಲಿ ಕಂಪ್ಯೂಟರ್. ಅದರ ಒಳಗೆ ಕೂತಿರುವ ಆಪರೇಟಿಂಗ್ ಸಿಸ್ಟಮ್‌ನಷ್ಟು ಮುಗ್ಧ ಜೀವಿ ಇನ್ನೊಂದಿಲ್ಲ. ಒಂದು ದೊಡ್ಡ ಫೈಲ್ ಕೊಟ್ಟು 'ನೋಡಪ್ಪಾ, ಇದೇ ನಿನ್ನ ಡಿಸ್ಕು' ಅಂದರೆ ಸಾಕು, ನಂಬಿಬಿಡುತ್ತದೆ. ಪಾರ್ಟಿಷನ್ ಮಾಡುತ್ತದೆ. ಡಿಸ್ಕಿನ ಮೇಲೆ ಓದಿ ಬರೆಯುವ ಹೆಡ್ ಸುಮ್ನೆ ಓಡಾಡಿ ದಣಿಯದಿರಲಿ ಅಂತ ಓದು-ಬರಹದ ಬೇಡಿಕೆಗಳನ್ನೆಲ್ಲ ಸಾಲಾಗಿ ಜೋಡಿಸಿ ಕಳಿಸುತ್ತದೆ. ಅಲ್ಲಿ ಹೆಡ್ ಎಲ್ಲಿದೆ? ಕೆಳಗಿರುವ ಹೋಸ್ಟ್, ಅಂದರೆ ನಿಜವಾದ ಕಂಪ್ಯೂಟರ್, ಆ ಸಾಲನ್ನು ಕೆಡಿಸಿ, ತನ್ನ ಲೆಕ್ಕದಲ್ಲಿ ಮತ್ತೆ ಜೋಡಿಸುತ್ತದೆ. ಎರಡೂ ಕಡೆ ಶಿಸ್ತಿಗೆ ಮಾತ್ರ ಕೊರತೆಯಿಲ್ಲ.

ಪಾಪ, ಅದು ಯಂತ್ರ. ನಮಗೇನಾಗಿದೆ?

ನಮ್ಮ ಆಫೀಸಿನ ಕತೆ ಕೇಳಿ. ನಿಮಿಷಕ್ಕೆ 7200 ಸುತ್ತು ತಿರುಗುವ ಒಂದೇ ಒಂದು ಡಿಸ್ಕು. ಅದರ ಮೇಲೆ 20 ವರ್ಚುವಲ್ ಮಷೀನ್. ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್, ಹೆಡ್ ಜಾಗ ಹುಡುಕುವ ಹೊತ್ತೂ ಸೇರಿದರೆ ಅಲ್ಲೊಂದು ಇಲ್ಲೊಂದು ಚದುರಿದ ಕೆಲಸ ಸೆಕೆಂಡಿಗೆ 80 ಆದರೆ ದೊಡ್ಡದು. ತಲೆಗೆ ನಾಲ್ಕು ಬರುತ್ತೆ. ಈ ಭಾಗಾಕಾರ ಯಾರೂ ಮಾಡಲಿಲ್ಲ. ಬದಲಿಗೆ ಮೀಟಿಂಗ್ ಕರೆದರು. ರಾತ್ರಿ ಶುರುವಾದ ರಿಪೋರ್ಟ್ ಬೆಳಗಾದರೂ ಮುಗಿಯೋದಿಲ್ಲ, ಆದ್ದರಿಂದ 20 ಮಷೀನುಗಳ ಒಳಗೂ ಹೊಕ್ಕು ಟ್ಯೂನ್ ಮಾಡಬೇಕು ಅಂತ ತೀರ್ಮಾನವಾಯಿತು. ಹುತ್ತ ಬಡಿಯೋಕೆ 20 ಜನ, 20 ದೊಣ್ಣೆ.

ಒಬ್ಬರು ಬೇಡಿಕೆಗಳನ್ನು ಸಾಲಾಗಿ ಜೋಡಿಸುವ ಶೆಡ್ಯೂಲರ್ ಬದಲಿಸಿದರು. ಇನ್ನೊಬ್ಬರು, ಫೈಲ್ ಓದಿದ ಹೊತ್ತನ್ನು ಬರೆದಿಡಬೇಡ ಅನ್ನುವ ನೋಏಟೈಮ್ ಹಾಕಿ ಎದೆಯುಬ್ಬಿಸಿದರು. ಮತ್ತೊಬ್ಬರು ಚದುರಿದ ಫೈಲ್ ತುಣುಕುಗಳನ್ನು ಒಂದೆಡೆ ಸೇರಿಸುವ ಡಿಫ್ರಾಗ್ ಓಡಿಸಿದರು. ಬರೆದಷ್ಟೇ ಬೆಳೆಯುವ ಡಿಸ್ಕ್ ಫೈಲ್ ಅದು. ಅಲ್ಲಿಂದಿಲ್ಲಿಗೆ ಎತ್ತಿಟ್ಟದ್ದೆಲ್ಲ ಹೊಸ ಬರಹ ಅಂತಲೇ ಲೆಕ್ಕ. ಮನೆ ಗುಡಿಸಿದ್ದಕ್ಕೆ ಕಸದ ರಾಶಿ ದೊಡ್ಡದಾಯಿತು.

ಆಮೇಲೆ ಪರೀಕ್ಷೆ. ಡಿಡಿ ಕಮಾಂಡಿನಲ್ಲಿ ಒಂದು ಜಿಬಿ ಸೊನ್ನೆ ಬರೆದು ನೋಡಿದರು. ಸೆಕೆಂಡಿಗೆ 2 ಜಿಬಿ ಅಂತ ಬಂತು! ಚಪ್ಪಾಳೆ ಬಿತ್ತು, ಸ್ಕ್ರೀನ್‌ಶಾಟ್ ಹರಿದಾಡಿತು. ತಿರುಗುವ ಡಿಸ್ಕು ಅಷ್ಟು ವೇಗ ಕನಸಲ್ಲೂ ಕೊಡೋದಿಲ್ಲ. ಸೊನ್ನೆಗಳೆಲ್ಲ ಇನ್ನೂ ಮೆಮೊರಿಯಲ್ಲೇ ಕಾಲು ಚಾಚಿ ಮಲಗಿದ್ದವು. 'ಡಿಸ್ಕಿಗೆ ಹೋಗಿದೆಯಾ ನೋಡಿ ಸರ್' ಅಂದೆ. 'ನಿಮಗೆ ಪಾಸಿಟಿವ್ ಯೋಚನೆನೇ ಇಲ್ಲ' ಅಂದರು.

ಬರೆಯಬೇಕಾದ್ದನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಳ್ಳುವ ಕ್ಯಾಶ್ ಸೆಟ್ಟಿಂಗಿನ ಪ್ರಸಂಗ ಇನ್ನೂ ಚೆಂದ. ವರ್ಚುವಲ್ ಮಷೀನ್ ನಡೆಸುವ ಕ್ಯೂಇಎಂಯು ಎಂಬ ಸಾಫ್ಟ್‌ವೇರ್ ಬರೆದವರು ಒಂದು ಆಯ್ಕೆಗೆ 'ಅನ್‌ಸೇಫ್' ಅಂತಲೇ ಹೆಸರಿಟ್ಟಿದ್ದಾರೆ. ಒಳಗಿನ ಸಿಸ್ಟಮ್ 'ಇದನ್ನ ಈಗಲೇ ಡಿಸ್ಕಿಗೆ ಬರೆದುಬಿಡಿ' ಅಂತ ಅಂಗಲಾಚಿದರೂ, ಕೇಳಿಸಿಕೊಳ್ಳದೆ 'ಆಯ್ತು' ಅನ್ನುವ ಆಯ್ಕೆ. ಕರೆಂಟ್ ಹೋದರೆ ಡೇಟಾಬೇಸ್ ಕತೆ ಮುಗೀತು. ಮಷೀನು ಕಟ್ಟಿಸುವಾಗಲೇ ನಮ್ಮವರು ಅದನ್ನೇ ಆರಿಸಿದ್ದರು. ಬಾಟಲಿ ಮೇಲೆ ವಿಷ ಅಂತ ಬರೆದಿದೆಯಲ್ಲ ಅಂದರೆ, 'ರುಚಿ ನೋಡಿ ಸರ್, ಎಷ್ಟು ಚೆನ್ನಾಗಿದೆ' ಅನ್ನೋ ಹಾಗೆ.

ಇಷ್ಟೆಲ್ಲ ನಡೆಯುವಾಗ ಆ ಮಷೀನುಗಳಿಗೆ ಡಿಸ್ಕು ಜೋಡಿಸಿದ್ದು ಐಡಿಇ ಎಂಬ ಹಳೇ ಕಾಲದ ಜೋಡಣೆಯ ಮೂಲಕ. ಅಂದರೆ 1996ರ ಇಂಟೆಲ್ ಚಿಪ್‌ಸೆಟ್ಟಿನ ವೇಷ ಹಾಕಿಸಿ ಕುಣಿಸುವುದು. ವರ್ಚುವಲ್ ಮಷೀನಿಗೆಂದೇ ಮಾಡಿದ ವರ್ಟಿಯೋ ಡ್ರೈವರ್ 2008ರಿಂದ ಲಿನಕ್ಸ್ ಒಳಗೇ ಇದೆ. ಮಷೀನ್ ನಿಲ್ಲಿಸಿ, ಮೆನುವಿನಲ್ಲಿ ಒಂದು ಸಾಲು ಬದಲಿಸಿದರಾಯ್ತು. ಆದರೆ ಅದಕ್ಕೆ ಹೋಸ್ಟಿನ ಪಾಸ್‌ವರ್ಡ್ ಬೇಕು. ಅದು ಬೇರೆ ವಿಭಾಗದವರ ಹತ್ತಿರ ಇದೆ. ಆ ವಿಭಾಗಕ್ಕೂ ನಮಗೂ ಮಾತಿಲ್ಲ.

ಕೊನೆಗೆ ಆ ವಿಭಾಗದ ಒಬ್ಬರು ರಜೆ ಮೇಲಿದ್ದಾಗ, ಇನ್ನೊಬ್ಬರ ಕೃಪೆಯಿಂದ ಹೋಸ್ಟ್ ಒಳಗೆ ಇಣುಕಿದೆ. ಡಿಸ್ಕಿನ ಹೊರೆ ತೋರಿಸುವ ಐಒಸ್ಟ್ಯಾಟ್ ನೋಡಿದರೆ ರಾತ್ರಿ 12ಕ್ಕೆ ಸರಿಯಾಗಿ ಡಿಸ್ಕು ಏದುಸಿರು ಬಿಡುತ್ತಿತ್ತು. 20 ಮಷೀನೂ ಒಂದೇ ಟೆಂಪ್ಲೇಟಿನಿಂದ ಹುಟ್ಟಿದ ಒಡಹುಟ್ಟಿದವರು. ಹಾಗಾಗಿ 20ರ ಬ್ಯಾಕಪ್ಪೂ 12 ಗಂಟೆಗೇ ಶುರು! ಒಂದಕ್ಕೊಂದು 15 ನಿಮಿಷ ಬಿಟ್ಟು ಸಮಯ ಹಂಚಿದೆ. ಮರುದಿನ ರಿಪೋರ್ಟ್ ಎರಡು ಗಂಟೆಗೆಲ್ಲ ಮುಗಿದಿತ್ತು.

ತಿಂಗಳ ವರದಿಯಲ್ಲಿ 'ಶೆಡ್ಯೂಲರ್ ಬದಲಾವಣೆಯಿಂದ ಗಣನೀಯ ಸುಧಾರಣೆ' ಅಂತ ದಪ್ಪ ಅಕ್ಷರದಲ್ಲಿ ಬಂತು. ಕೆಳಗೇ ಇನ್ನೊಂದು ಸಾಲು: ವೇಗ ಹೆಚ್ಚಿರುವುದರಿಂದ ಅದೇ ಡಿಸ್ಕಿನ ಮೇಲೆ ಇನ್ನೂ 8 ಮಷೀನ್ ಹಾಕಬಹುದು.